ಕಳ್ಳಿ ಸಂಘದಲ್ಲೊಂದು ಕುರ್ಚಿ

ಹಾಸಿಗೆ ಹೊಲಿಯುವವನ ಮನೆಯಲ್ಲಿ ಒಳ್ಳೆಯ ಹಾಸಿಗೆ ಇರುವುದಿಲ್ಲ. ಅಂಗಡಿ ನಡೆಯುವಷ್ಟು ಕಾಲ ಇದು ಹಾಸಿಗೆಯಣ್ಣನ ಗಮನಕ್ಕೇ ಬಂದಿರಲಿಲ್ಲ. ಬೆಳಕು ಹರಿಯುತ್ತಲೇ ಹೋಗಿ ಹತ್ತಿಯ ರಾಶಿಯ ನಡುವೆ ಕೂತರೆ ದೀಪ ಹಚ್ಚುವ ಹೊತ್ತಿಗೆ ಮನೆ. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ದೊಡ್ಡವರಿಗೆ ಹಾಸಿಗೆಯಣ್ಣ, ಚಿಕ್ಕವರಿಗೆ ಹಾಸಿಗೆ ತಾತ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಬಂದ ಪ್ರತಿ ಗಿರಾಕಿಯೂ ತಾನೇ ಆಗಷ್ಟೇ ಹುಟ್ಟಿಸಿದವನ ಹಾಗೆ ಹೇಳಿ ನಗುತ್ತಿದ್ದ. ಹಾಸಿಗೆಯಣ್ಣನೂ ಅದನ್ನು ಅದೇ ಮೊದಲ ಸಲ ಕೇಳಿದವನ ಹಾಗೆ ನಗುತ್ತಿದ್ದ. ಅದೂ ಕಸುಬಿನ ಒಂದು ಭಾಗವೇ.

ಆಮೇಲೆ ಸ್ಪಂಜಿನ ಹಾಸಿಗೆ ಬಂತು. ಅದರ ಹಿಂದೆಯೇ ಹಾಸಿಗೆಯಣ್ಣನಿಗೆ ಕೆಮ್ಮು ಬಂತು. ಹತ್ತಿ ಧೂಳು ಇನ್ನು ಬೇಡ ಎಂದರು ಡಾಕ್ಟರು. ಅಂಗಡಿಗೆ ಬೀಗ ಹಾಕಿ ಬರುವಾಗ ಅವನು ತಂದದ್ದು ಕತ್ತರಿ, ದಬ್ಬಳ, ಕಿಟಕಿಯಲ್ಲಿದ್ದ ಒಂದು ಕಳ್ಳಿ ಗಿಡ. ಆ ಗಿಡವನ್ನು ಅವನೇನು ಪ್ರೀತಿಯಿಂದ ಸಾಕಿದ್ದಲ್ಲ. ಬೀದಿ ಬೆಕ್ಕೊಂದು ಕಿಟಕಿಯಿಂದ ನುಗ್ಗಿ ಹೊಸ ಹತ್ತಿಯ ಮೇಲೆ ಮರಿ ಹಾಕುತ್ತಿತ್ತು, ಅದಕ್ಕೆ ಅಡ್ಡವಾಗಿ ಇಟ್ಟದ್ದು. ಗಿಡ ಬೆಳೆಯಿತು. ಬೆಕ್ಕು ಬಾಗಿಲಿನಿಂದ ಬರತೊಡಗಿತು.

ಮನೆಗೆ ಬಂದ ಮೇಲೆ ಅವನಿಗೆ ತಿಳಿಯಿತು, ಹಗಲಿನ ಮನೆ ಬೇರೆ, ರಾತ್ರಿಯ ಮನೆ ಬೇರೆ ಎಂದು. ಹೊಸಿಲ ಬಳಿ ಕೂತರೆ ಹೆಂಡತಿ ಪೊರಕೆ ಹಿಡಿದು ಬಂದು "ಕಾಲೆತ್ತಿ" ಎನ್ನುವಳು. ಮಂಚದ ಮೇಲೆ ಕೂತರೆ ಅಲ್ಲಿ ಒಗೆದ ಬಟ್ಟೆ ಮಡಿಸಬೇಕು, ಏಳಿ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತರೆ ಅದು ಅಟ್ಟಕ್ಕೆ ಕೈ ಹಾಕಲು ಇರುವ ಸ್ಟೂಲು, ಕೂರಲು ಅಲ್ಲ. ಆಕೆಗೆ ಕೋಪವೇನೂ ಇರಲಿಲ್ಲ. ಇಷ್ಟು ವರ್ಷ ಆ ಮನೆಯನ್ನು ಅವನಿಲ್ಲದ ಹಾಗೆ ಜೋಡಿಸಿಕೊಂಡಿದ್ದಳು, ಅಷ್ಟೆ. ಅಲ್ಲಿ ಡಬ್ಬಿ ಡಬ್ಬಿಗೂ ಒಂದು ಜಾಗವಿತ್ತು. ಹಗಲು ಹೊತ್ತಿನ ಗಂಡನಿಗೆ ಮಾತ್ರ ಇರಲಿಲ್ಲ.

ಹೀಗಿರುವಾಗ ಪಕ್ಕದ ಬೀದಿಯ ಟೀಚರಮ್ಮ ಒಂದು ದಿನ ಕಾಂಪೌಂಡ್ ಗೋಡೆಯ ಮೇಲಿದ್ದ ಕಳ್ಳಿ ಗಿಡ ನೋಡಿ ನಿಂತರು. ಶಾಲೆಯಿಂದ ನಿವೃತ್ತರಾಗಿದ್ದರೂ ಕಂಡದ್ದಕ್ಕೆಲ್ಲ ಹೆಸರು ಹೇಳಿಕೊಡುವ ಅಭ್ಯಾಸ ಅವರಿಗೆ ಹೋಗಿರಲಿಲ್ಲ. ಬಾಯಿ ತುಂಬುವಂಥ ಒಂದು ಹೆಸರು ಹೇಳಿದರು. ಗಿಡದ ಹೆಸರೋ ಕಾಯಿಲೆಯ ಹೆಸರೋ ಹಾಸಿಗೆಯಣ್ಣನಿಗೆ ಗೊತ್ತಾಗಲಿಲ್ಲ. ಇಂಥ ಮುಳ್ಳುಗಿಡ, ದಪ್ಪ ಎಲೆಯ ಗಿಡ ಬೆಳೆಸುವವರದ್ದೇ ಒಂದು ಸಂಘ ಇದೆ, ಭಾನುವಾರ ಸಂಜೆ ಸೇರುತ್ತೇವೆ, ನಾನೇ ಕಾರ್ಯದರ್ಶಿ, ಬನ್ನಿ ಎಂದರು.

ಅವನು ಹೋಗಿ ಹೆಂಡತಿಗೆ ಹೇಳಿದ, ಕಳ್ಳಿ ಸಂಘ ಅಂತ ಒಂದಿದೆಯಂತೆ, ಸೇರೋಣ ಅಂತಿದ್ದೀನಿ ಎಂದು.

"ಈ ವಯಸ್ಸಲ್ಲಿ ಯಾವ ಕಳ್ಳಿಯರ ಸಹವಾಸ ರೀ ನಿಮಗೆ?" ಎಂದಳು ಆಕೆ. ಆಮೇಲೆ ಸ್ವಲ್ಪ ಯೋಚಿಸಿ, "ಕೂರಕ್ಕೆ ಕುರ್ಚಿ ಕೊಡ್ತಾರಂತಾ?" ಎಂದು ಕೇಳಿದಳು. ಕೊಡಬಹುದು ಎಂದ. ಹಾಗಾದರೆ ಹೋಗಿ ಬನ್ನಿ ಎಂದು ಇಸ್ತ್ರಿ ಮಾಡಿದ ಅಂಗಿ ತೆಗೆದುಕೊಟ್ಟಳು.

ಸಂಘ ಸೇರುತ್ತಿದ್ದದ್ದು ಹಲ್ಲಿನ ಡಾಕ್ಟರ ಆಸ್ಪತ್ರೆಯ ಮೇಲಿನ ಕೋಣೆಯಲ್ಲಿ. ಕೋಣೆ ಅವರದಾದ್ದರಿಂದ ಅವರು ಉಪಾಧ್ಯಕ್ಷರು. ರಜೆಯ ದಿನವೂ ಕೆಳಗಿನಿಂದ ಹಲ್ಲುನೋವಿನ ಔಷಧಿಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಒಳಗೆ ಗೋಡೆಗುಂಟ ಹನ್ನೆರಡು ಕಬ್ಬಿಣದ ಕುರ್ಚಿ, ಎಲ್ಲ ಭರ್ತಿ. ಒಂದಕ್ಕೆ ಮಾತ್ರ ಕೈ ಇತ್ತು, ಅದು ಅಧ್ಯಕ್ಷರದು. ಎದುರಿಗೆ ಗಿಡಗಳ ಕಪಾಟು. ಮೂಲೆಯಲ್ಲಿ ಡಾಕ್ಟರ ಹಳೆಯ ಹಲ್ಲು ಕೀಳುವ ಕುರ್ಚಿ, ಬೆನ್ನು ಹಿಂದಕ್ಕೆ ವಾಲಿ ಅಲ್ಲೇ ಸಿಕ್ಕಿಹಾಕಿಕೊಂಡದ್ದು, ದುಪ್ಪಟಿ ಹೊದ್ದುಕೊಂಡು ಬಿದ್ದಿತ್ತು. ಅದು ಲೆಕ್ಕಕ್ಕಿರಲಿಲ್ಲ.

ಅಧ್ಯಕ್ಷರು ನಿವೃತ್ತ ಜಡ್ಜ್ ಸಾಹೇಬರು. ಸಂಘದ ನಿಯಮಗಳೆಲ್ಲ ಅವರದೇ. ಒಂದೊಂದೂ ಮೇಲ್ಮನವಿಗೆ ಅವಕಾಶವಿಲ್ಲದ ತೀರ್ಪಿನ ಹಾಗೆ. ಟೀಚರಮ್ಮ ಹಾಸಿಗೆಯಣ್ಣನಿಗೆ ಮುಖ್ಯವಾದದ್ದನ್ನು ವಿವರಿಸಿದರು. ಸೇರಿದವರು ಕಪಾಟಿನಲ್ಲಿ ತಮ್ಮದೊಂದು ಗಿಡ ಇಡಬೇಕು. ಗಿಡ ಇರುವವರೆಗೆ ಕುರ್ಚಿ. ಗಿಡ ಸತ್ತರೆ ಕುರ್ಚಿ ಬಿಟ್ಟು ಏಳಬೇಕು. ಕೋಣೆ ಚಿಕ್ಕದು, ಹದಿಮೂರನೆಯ ಕುರ್ಚಿಗೆ ಜಾಗವಿಲ್ಲ, ಆದ್ದರಿಂದ ಒಬ್ಬರು ಎದ್ದರೆ ಮಾತ್ರ ಇನ್ನೊಬ್ಬರು ಕೂರುವುದು. ಅಲ್ಲಿಯವರೆಗೆ ಅವನು ಕಾಯುವ ಸದಸ್ಯ. ಕಾಯುವ ಸದಸ್ಯರು ಬಾಗಿಲಾಚೆ ಮೇಲಿನ ಮೆಟ್ಟಿಲ ಮೇಲೆ ಕೂತು ಚರ್ಚೆ ಕೇಳಬಹುದು, ಮಾತಾಡುವ ಹಾಗಿಲ್ಲ.

ಈ ನಿಯಮ ಬಂದಂದಿನಿಂದ ಸಂಘದಲ್ಲಿ ಒಂದು ಗಿಡವೂ ಸತ್ತಿಲ್ಲ ಎಂದರು ಟೀಚರಮ್ಮ ಹೆಮ್ಮೆಯಿಂದ.

ಹಾಸಿಗೆಯಣ್ಣ ಕಪಾಟಿನ ಕಡೆ ನೋಡಿದ. ಒಂದು ಗಿಡ ಒಣಗಿ ಹಳೆಯ ಚಪ್ಪಲಿಯ ಅಟ್ಟೆಯ ಹಾಗಾಗಿತ್ತು. ಇನ್ನೊಂದು ಕುಗ್ಗಿ ಕುಗ್ಗಿ ಮಣ್ಣಿನೊಳಗೇ ಇಳಿದುಹೋಗಿತ್ತು. ಮೇಲಿನ ಹಲಗೆಯ ಮೇಲೆ ಜಡ್ಜ್ ಸಾಹೇಬರದು, ಕೊಡದಷ್ಟು ದಪ್ಪ, ಬೂದಿ ಬಣ್ಣ. ಅದನ್ನು ಎಲ್ಲರೂ 'ಹಿರಿಯ' ಎಂದು ಕರೆಯುತ್ತಿದ್ದರು. ಪಾಪ, ಹೊಸಬ. "ಇದು ಹೋಗಿಬಿಟ್ಟಿದೆಯಲ್ಲ?" ಎಂದು ಚಪ್ಪಲಿಯಂಥದ್ದನ್ನು ತೋರಿಸಿ ಕೇಳಿಬಿಟ್ಟ.

ಹನ್ನೆರಡು ತಲೆಗಳೂ ಒಟ್ಟಿಗೆ ಅವನ ಕಡೆ ತಿರುಗಿದವು. ಅದು ಹಲ್ಲಿನ ಡಾಕ್ಟರ ಗಿಡ.

"ಮಲಗಿದೆ," ಎಂದರು ಡಾಕ್ಟರು.

ಮುಳ್ಳುಗಿಡಗಳು ಕಷ್ಟಕಾಲದಲ್ಲಿ ನಿದ್ದೆಗೆ ಹೋಗುತ್ತವೆ, ಕಾಯಬೇಕು, ಏಳುತ್ತವೆ ಎಂದು ಟೀಚರಮ್ಮ ತಿಳಿಹೇಳಿದರು. ಆ ಮಾತು ಸುಳ್ಳೇನಲ್ಲ, ನಿಜವಾಗಿಯೂ ಮಲಗುವ ಗಿಡಗಳಿವೆ. ಆದರೆ ಈ ಕಪಾಟಿನಲ್ಲಿ ಮಲಗಿದ್ದು ಎದ್ದ ಉದಾಹರಣೆ ಇರಲಿಲ್ಲ. ಸತ್ತಿದೆ ಎಂಬ ಪದವನ್ನೇ ಸಂಘದವರು ನಾಲಿಗೆಯಿಂದ ಅಳಿಸಿಬಿಟ್ಟಿದ್ದರು. ರೂಢಿ ಎಷ್ಟು ಬಲಿತಿತ್ತು ಎಂದರೆ, ಹಿಂದಿನ ಖಜಾಂಚಿ ತೀರಿಕೊಂಡಾಗಲೂ 'ನಮ್ಮ ಖಜಾಂಚಿಯವರು ಮಲಗಿದರು' ಎಂದೇ ಎದ್ದು ನಿಂತು ಮೌನ ಆಚರಿಸಿದ್ದರಂತೆ. ಇದನ್ನೂ ಟೀಚರಮ್ಮನೇ ಹೇಳಿದ್ದು. ಹಾಸಿಗೆಯಣ್ಣ ಕೇಳಿಸಿಕೊಂಡ, ಮರೆತ. ಅವನಿಗೆ ಮಲಗುವುದು ಎಂದರೆ ಕಸುಬಿನ ಮಾತು. ಗಿರಾಕಿ ಎದುರು ಸಿಕ್ಕರೆ ಚೆನ್ನಾಗಿ ಮಲಗಿದ್ರಾ ಎಂದು ಕೇಳಿಯೇ ಅವನ ಆಯಸ್ಸು ಸವೆದಿತ್ತು.

ಅವನ ಗಿಡದ ಕಥೆ ಬೇರೆಯೇ ಆಯಿತು. ಒಂದು ಭಾನುವಾರ ತೋರಿಸಲು ತಂದಾಗ ಅದರ ನೆತ್ತಿಯ ಮೇಲೆ ಅಂಗೈಯಗಲದ ಹಳದಿ ಹೂ ಬಿಟ್ಟಿತ್ತು. ಸಭೆಯಲ್ಲಿ ಯಾರೂ ಆಹಾ ಎನ್ನಲಿಲ್ಲ. ಇದಕ್ಕೆ ನೀರು ಹಾಕಿದ್ದೀರಾ ಎಂದು ಪೊಲೀಸಿನವರು ಕೇಳುವ ಹಾಗೆ ಕೇಳಿದರು. ಮನೆಯವಳು ಪಾತ್ರೆ ತೊಳೆದ ನೀರನ್ನು ದಿನಾ ಅದಕ್ಕೇ ಚೆಲ್ಲುತ್ತಾಳೆ ಎಂದು ಇವನು ಒಪ್ಪಿಕೊಂಡ. ಹಲ್ಲಿನ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, ಸಂಯಮವಿಲ್ಲದ ಗಿಡ ಎಂದರು. ಅಂದಿನಿಂದ ಅದನ್ನು ಮನೆಯಲ್ಲೇ ಬಿಟ್ಟು ಬರತೊಡಗಿದ.

ಮೆಟ್ಟಿಲು ಅವನಿಗೆ ಬೇಸರವಾಗಿರಲಿಲ್ಲ. ತಣ್ಣಗಿತ್ತು, ಯಾರೂ ಕಾಲೆತ್ತಿ ಎನ್ನುತ್ತಿರಲಿಲ್ಲ. ಬೇಸರವಾದದ್ದು ಆಮೇಲೆ. ಕೆಮ್ಮು ಹೆಚ್ಚಾಗಿ ಒಂದು ವಾರ ಅವನು ಹೋಗಲಿಲ್ಲ. ಅದರ ಮುಂದಿನ ವಾರ ಹೋದಾಗ ಇನ್ಯಾರದೋ ಕುರ್ಚಿ ಖಾಲಿಯಿತ್ತು, ಎಲ್ಲರಿಗೂ ಅದೇ ಮಾತು. ಯಾಕೆ ಬಂದಿಲ್ಲ, ಹುಷಾರಿದ್ದಾರಾ, ಫೋನ್ ಮಾಡಿ ನೋಡಿ, ಹೋಗುವಾಗ ಮನೆ ಹತ್ತಿರ ಹಾದು ಹೋಗೋಣ. ಇವನು ಟೀಚರಮ್ಮನಿಗೆ, ಹೋದ ವಾರ ನನಗೂ ಬರಲಾಗಲಿಲ್ಲ ಎಂದ.

"ಹೌದಾ? ನೀವಿದ್ರಿ ಅಂದ್ಕೊಂಡಿದ್ದೆ," ಎಂದರು ಟೀಚರಮ್ಮ.

ಆ ಮಾತು ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಕುರ್ಚಿ ಖಾಲಿಯಿದ್ದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮೆಟ್ಟಿಲು ಖಾಲಿಯಿದ್ದರೆ ಅದು ಬರೀ ಮೆಟ್ಟಿಲು. ತಾನು ಬಾರದ ದಿನ ಯಾಕೆ ಬಂದಿಲ್ಲ ಎಂದು ಒಬ್ಬರಾದರೂ ಕೇಳಬೇಕು, ಅದಕ್ಕೆ ಆ ಕೋಣೆಯಲ್ಲಿ ತನ್ನದೊಂದು ಕುರ್ಚಿ ಬೇಕು. ಇಳಿವಯಸ್ಸಿನಲ್ಲಿ ಹಾಸಿಗೆಯಣ್ಣನಿಗೆ ಅಂಟಿದ ಆಸೆ ಇದೊಂದೇ.

ಜಡ್ಜ್ ಸಾಹೇಬರಿಗೆ ಇದ್ದದ್ದು ನಿದ್ದೆಯ ಕಾಟ. ಕೋರ್ಟಿನಲ್ಲಿದ್ದಷ್ಟು ಕಾಲ ವಕೀಲರು ಬಾಯಿ ತೆರೆದರೆ ಸಾಕು, ಕೂತಲ್ಲೇ ಜೊಂಪು ಹತ್ತುತ್ತಿತ್ತಂತೆ. ನಿವೃತ್ತಿಯಾದ ಮೇಲೆ ಮಲಗಿದರೂ ಬಾರದು. ಮಗಳು ಕೊಡಿಸಿದ ಸ್ಪಂಜಿನ ಹಾಸಿಗೆಗೆ ನೆನಪಿನ ಶಕ್ತಿಯಿದೆಯಂತೆ, ಮಲಗಿದವರ ಮೈಯನ್ನು ನೆನಪಿಟ್ಟುಕೊಳ್ಳುತ್ತದಂತೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಚಿಂತೆ ಇರುವ ಮನುಷ್ಯನ ಕೆಳಗೆ ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಹಾಸಿಗೆ ಹಾಕಿದರೆ ನಿದ್ದೆ ಎಲ್ಲಿಂದ ಬರಬೇಕು? ರಾತ್ರಿಯೆಲ್ಲ ಹಳೆಯ ತೀರ್ಪುಗಳನ್ನು ಹಿಂಜುತ್ತಾ ಕೂರುತ್ತಾರೆ, ಪಕ್ಕದಲ್ಲಿದ್ದವರಿಗೂ ಜಾಗರಣೆ ಎಂದು ಅವರ ಮನೆಯ ಅಮ್ಮಾವ್ರು ಟೀಚರಮ್ಮನ ಹತ್ತಿರ ಗೋಳು ಹೇಳಿಕೊಂಡಿದ್ದರು.

ಹೀಗಾಗಿ ಒಂದು ದಿನ ಸಾಹೇಬರೇ ಮೆಟ್ಟಿಲ ಬಳಿ ನಿಂತು, ಹತ್ತಿ ಹಾಸಿಗೆ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಕೆಮ್ಮಿನ ಡಾಕ್ಟರು ಬೇಡವೆಂದ ಕೆಲಸ. ಆದರೂ ಹಾಸಿಗೆಯಣ್ಣ ಹೂಂ ಎಂದ. ಕುರ್ಚಿಯ ಮಾತು ಇವನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. "ನೋಡೋಣ" ಎಂದಷ್ಟೇ ಹೇಳಿ ಹೋದರು. ಜಡ್ಜ್ ಬಾಯಿಂದ ಬಂದ ನೋಡೋಣ ಎಷ್ಟು ವರ್ಷ ಎಳೆಯುತ್ತದೆ ಎಂಬುದು ಗೊತ್ತಿದ್ದವರಿಗೆ ಗೊತ್ತು.

ಸಾಹೇಬರ ಮನೆಯ ಮಹಡಿಯ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹತ್ತಿ ಹರವಿ ಕೆಲಸಕ್ಕೆ ಕೂತ. ಅವಸರ ಮಾಡಲಿಲ್ಲ. ಅಂಚು ಹೊಲಿದು, ನಡುವೆ ದಬ್ಬಳ ಹಾಯಿಸಿ ಗಂಟು ಬಿಗಿದು, ಎಲ್ಲ ಮುಗಿದದ್ದು ಒಂದು ಭಾನುವಾರ ಮಧ್ಯಾಹ್ನ. ಹಾಸಿಗೆಯನ್ನು ಮಂಚಕ್ಕೆ ಹಾಕಿ, ಒಮ್ಮೆ ನೋಡಿ ಸ್ವಾಮಿ ಎಂದ. ಸಾಹೇಬರು ಅಂಗಿಯ ಗುಂಡಿ ಬಿಚ್ಚಿ ಕಾಲು ನೀಡಿದರು. ಅಬ್ಬಾ ಎಂದರು. ಮುಂದಿನ ಮಾತು ಬರಲೇ ಇಲ್ಲ. ಬಂದದ್ದು ಗೊರಕೆ.

ಅಮ್ಮಾವ್ರು ಬಾಗಿಲ ಬಳಿ ನಿಂತು ಎರಡೂ ಕೈ ಎದೆಗೊತ್ತಿಕೊಂಡರು. ಇವನಿಗೆ ಕಾಫಿ ಕೊಟ್ಟು, ಇವತ್ತು ಸಭೆಗೆ ಬರುವುದಿಲ್ಲ ಎಂದು ಹೇಳಿಬಿಡಿ, ಯಾರೂ ಎಬ್ಬಿಸಬಾರದು ಎಂದು ಪಿಸುಗುಟ್ಟಿ ಕಳಿಸಿದರು.

ಸಭೆಯಲ್ಲಿ ಕೈಯಿರುವ ಕುರ್ಚಿ ಖಾಲಿ. ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದಾರೆ. ಹಾಸಿಗೆಯಣ್ಣ ಹೊಸಿಲ ಮೇಲೆ ನಿಂತ, ತಲೆಯ ಮೇಲೆ ಹತ್ತಿಯ ಎಳೆ. ಅಧ್ಯಕ್ಷರು ಎಲ್ಲಿ, ನೀವು ಅವರ ಮನೆಯಿಂದಲೇ ಬಂದಿರಲ್ಲ ಎಂದು ಹಲ್ಲಿನ ಡಾಕ್ಟರು ಕೇಳಿದರು.

"ಮಲಗಿದ್ದಾರೆ," ಎಂದ ಹಾಸಿಗೆಯಣ್ಣ.

ಯಾರೋ ಉಸಿರೆಳೆದುಕೊಂಡರು. ಟೀಚರಮ್ಮ ಸೆರಗು ಬಾಯಿಗಿಟ್ಟರು. "ಯಾವಾಗ?"

"ಈಗ್ತಾನೆ. ನನ್ನ ಕಣ್ಣೆದುರಿಗೇ."

"ಒದ್ದಾಡಿದ್ರಾ?"

"ಏನೂ ಇಲ್ಲ. ನಾನು ಮಾಡಿದ ಹಾಸಿಗೆ ಮೇಲೆ ಕಾಲು ನೀಡಿದ್ರು, ಅಬ್ಬಾ ಅಂದ್ರು, ಅಷ್ಟೇ."

"ಅಮ್ಮಾವ್ರು ಹೇಗಿದ್ದಾರೆ?"

"ಅವರಿಗೆ ತುಂಬಾ ಸಮಾಧಾನ. ನಂಗೆ ಕಾಫಿ ಮಾಡಿಕೊಟ್ರು."

ಡಾಕ್ಟರೂ ಟೀಚರಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಸಂಸಾರದ ಒಳಗುಟ್ಟು ಈಗ ಅರ್ಥವಾಯಿತು ಎಂಬಂತೆ ಡಾಕ್ಟರು ನಿಧಾನವಾಗಿ ತಲೆಯಾಡಿಸಿದರು.

ಎಲ್ಲರೂ ಎದ್ದು ನಿಂತರು. ಸಭೆ ಮುಗಿಯಿತೇನೋ ಎಂದು ಹಾಸಿಗೆಯಣ್ಣ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಯಾರೂ ಹೊರಡಲಿಲ್ಲ. ತಲೆ ತಗ್ಗಿಸಿ, ಕಣ್ಣು ಮುಚ್ಚಿ, ನಿಂತೇ ಇದ್ದರು. ಹಿಂದಿನ ಖಜಾಂಚಿಯ ಸಂಗತಿ ಅವನಿಗೆ ಆಗ ನೆನಪಾಯಿತು.

ಅವನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಕಣ್ಣು ತೆರೆದು, ಅಧ್ಯಕ್ಷರ ಕುರ್ಚಿಯನ್ನು ಖಾಲಿ ಬಿಡುವುದು ಅವರಿಗೇ ಅಗೌರವ ಎಂದು ಹೇಳಿ, ಭಾರವಾದ ಮನಸ್ಸಿನಿಂದ ಹೋಗಿ ಕೈಯಿರುವ ಕುರ್ಚಿಯಲ್ಲಿ ಕೂತರು. ಕೂತವರು ಕುರ್ಚಿಯ ಕೈಗಳನ್ನು ಒಮ್ಮೆ ಸವರಿ ನೋಡಿಕೊಂಡರು. ಡಾಕ್ಟರ ಕುರ್ಚಿಗೆ ಟೀಚರಮ್ಮ ಬಂದರು. ಹೀಗೆ ಎಲ್ಲರೂ ಒಂದೊಂದು ಸರಿದು, ಬಾಗಿಲ ಬಳಿಯ ಕೊನೆಯ ಕುರ್ಚಿ ಖಾಲಿ ಬಿತ್ತು.

"ಬನ್ನಿ," ಎಂದರು ಡಾಕ್ಟರು ತಗ್ಗಿದ ದನಿಯಲ್ಲಿ. "ಕೊನೇ ಗಳಿಗೇಲಿ ಅವರ ಜೊತೆ ಇದ್ದೋರು ನೀವು. ಇದು ನಿಮ್ಮ ಕುರ್ಚಿ."

ಹಾಸಿಗೆಯಣ್ಣ ಕೂತ. ಮೇಲಿದ್ದ ದಿಂಬು ಸವೆದು ಹಪ್ಪಳವಾಗಿತ್ತು, ಒಳಗಿನ ಹತ್ತಿ ಯಾವ ಕಾಲದ್ದೋ. ಆದರೂ ಅಂಥ ಸುಖವನ್ನು ಅವನು ತಾನು ಹೊಲಿದ ಯಾವ ಹಾಸಿಗೆಯ ಮೇಲೂ ಕಂಡಿರಲಿಲ್ಲ. ಎಡಕ್ಕೊಬ್ಬರು ಬಲಕ್ಕೊಬ್ಬರು, ನಡುವೆ ತಾನು.

ಸುಮ್ಮನೆ ಕೂತುಬಿಟ್ಟ ಎಂದರೆ ತಪ್ಪಾಗುತ್ತದೆ. ಹೇಳಲು ನೋಡಿದ. "ಅಲ್ಲ, ಅವರು ಏಳ್ತಾರೆ," ಎಂದ. ಟೀಚರಮ್ಮ ಅವನ ತೋಳು ತಟ್ಟಿ, "ನಾವೆಲ್ಲ ಹಾಗೇ ನಂಬಿರೋದು, ಅಣ್ಣ," ಎಂದರು. ಇನ್ನೊಮ್ಮೆ ಧೈರ್ಯ ಮಾಡಿ, ಗೊರಕೆ ಹೊಡೆಯುತ್ತಿದ್ದರು ಎಂದ. ಕೊನೆಯಲ್ಲಿ ಹಾಗಾಗುತ್ತದೆ ಎಂದರು ಹಲ್ಲಿನ ಡಾಕ್ಟರು, ಹಲ್ಲು ಬಿಟ್ಟು ಮಿಕ್ಕ ದೇಹವೂ ತಮಗೆ ಗೊತ್ತೆಂಬ ಹಾಗೆ.

ಬದುಕಿದ್ದಾರೆ ಎಂಬ ಒಂದು ಮಾತು ಉಳಿದಿತ್ತು. ಅದು ಗಂಟಲಿನವರೆಗೂ ಬಂತು. ಅದನ್ನಾಡಿದರೆ ಎಲ್ಲರೂ ಒಂದೊಂದು ಕುರ್ಚಿ ಹಿಂದಕ್ಕೆ ಸರಿಯುತ್ತಾರೆ, ತಾನು ಮೆಟ್ಟಿಲಿಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾರಾದರೂ ಕೇಳಿದರೆ ಹೇಳೋಣ ಎಂದುಕೊಂಡ. ಯಾರು ಕೇಳುತ್ತಾರೆ? ಅವರೆಲ್ಲ ಸಾಹೇಬರ ಮನೆಯ ಗಿಡಗಳು ಇನ್ನು ಅನಾಥವಾಗುತ್ತವಲ್ಲ ಎಂಬ ದುಃಖದಲ್ಲಿದ್ದರು. ದಪ್ಪ ಎಲೆಯವನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಒಬ್ಬರು, ಕಿಟಕಿಯ ಉದ್ದ ಮುಳ್ಳಿನದನ್ನು ಅವರು ನನಗೇ ಕೊಡುತ್ತೇನೆ ಎಂದಿದ್ದರು ಎಂದು ಇನ್ನೊಬ್ಬರು. ದುಃಖ ಹಂಚಿಕೊಂಡರೆ ಕಡಿಮೆಯಾಗುತ್ತದೆ ಎನ್ನುತ್ತಾರಲ್ಲ, ಹಾಗೆ ಹಂಚಿಕೊಂಡರು. 'ಹಿರಿಯ' ಮಾತ್ರ ಒಮ್ಮೆ ಸಾಹೇಬರ ಪಾದದ ಬಳಿ ಇರಬೇಕು, ನಡೆಯಿರಿ ಎಂದರು ಡಾಕ್ಟರು.

ಬೀದಿಯಲ್ಲಿ ಮೆರವಣಿಗೆ ಹೊರಟಿತು. ಮುಂದೆ ಡಾಕ್ಟರ ಕೈಯಲ್ಲಿ 'ಹಿರಿಯ', ಎಲ್ಲರ ಹಿಂದೆ ಹಾಸಿಗೆಯಣ್ಣ. ತಿರುವು ಬಂದಾಗ ಹೇಳುತ್ತೇನೆ ಎಂದುಕೊಂಡ. ತಿರುವು ದಾಟಿತು. ಗೇಟಿನ ಬಳಿ ಹೇಳುತ್ತೇನೆ ಎಂದುಕೊಂಡ. ಗೇಟು ಕಿರ್ರೆಂದಿತು. ಬಾಗಿಲು ತೆರೆದ ಅಮ್ಮಾವ್ರು ಇಷ್ಟು ಜನರನ್ನು ನೋಡಿ ಬೆಪ್ಪಾದರು. ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದರು.

"ಮಲಗಿದ್ದಾರೆ. ಶಬ್ದ ಮಾಡ್ಬೇಡಿ."

ಗೊತ್ತು ಅಮ್ಮ, ಗೊತ್ತಾಗಿಯೇ ಬಂದೆವು ಎಂದು ಟೀಚರಮ್ಮ ಅವರ ಕೈ ಹಿಡಿದು ಕಣ್ಣೀರಿಟ್ಟರು. ನಿದ್ದೆ ಬಂದದ್ದಕ್ಕೆ ಇಷ್ಟು ಸಂತೋಷಪಡುವ ಜನ ಇದ್ದಾರಲ್ಲ ಎಂದು ಅಮ್ಮಾವ್ರ ಕಣ್ಣಲ್ಲೂ ನೀರು ಬಂತು. ಚಪ್ಪಲಿ ಬಿಟ್ಟು, ತುದಿಗಾಲಿನಲ್ಲಿ ಎಲ್ಲರೂ ಒಳಗೆ ಹೋಗಿ ಮಂಚದ ಸುತ್ತ ನಿಂತರು.

ಸಾಹೇಬರು ಅಂಗಾತ ಮಲಗಿದ್ದರು. ಗೊರಕೆ ನಿಂತು ನಿದ್ದೆ ಆಳಕ್ಕಿಳಿದಿತ್ತು. ಮುಖದ ಗಂಟುಗಳೆಲ್ಲ ಬಿಚ್ಚಿಹೋಗಿದ್ದವು. ಎಂಥ ಶಾಂತಿ ಎಂದರು ಯಾರೋ. ಡಾಕ್ಟರು 'ಹಿರಿಯ'ನನ್ನು ಹಾಸಿಗೆಯ ತುದಿಯಲ್ಲಿ, ಪಾದದ ಬಳಿ ಇಟ್ಟು, ಕೈ ಕಟ್ಟಿ, ಅಗಲಿದ ಚೇತನದ ಬಗ್ಗೆ ಎರಡು ಮಾತು ಶುರುಮಾಡಿದರು. ಸ್ವಲ್ಪ ಹಟಮಾರಿ, ಯಾರ ಮಾತೂ ಕೇಳುತ್ತಿರಲಿಲ್ಲ, ಆದರೂ ಎಂಬಲ್ಲಿಗೆ ಬಂದಿದ್ದರು. ವಕೀಲರ ವಾದ ಕಿವಿಗೆ ಬಿದ್ದಂತಾಯಿತೋ ಏನೋ, ಸಾಹೇಬರು ನಿದ್ದೆಯಲ್ಲೇ ಮಗ್ಗುಲು ಬದಲಿಸಿ ಕಾಲು ಝಾಡಿಸಿದರು. ಮುಳ್ಳು ಚುಚ್ಚಿತು. ಕುಂಡ ನೆಲಕ್ಕೆ ಬಿದ್ದು ಚೂರಾಯಿತು.

ಅವರು ದಡಕ್ಕನೆ ಎದ್ದು ಕೂತು ಸುತ್ತ ನೋಡಿದರು. "ಕೋರ್ಟ್ ಶುರುವಾಯ್ತಾ?"

ಟೀಚರಮ್ಮ ನಿಂತಲ್ಲೇ ಕುಸಿದು ಕೂತರು. ಡಾಕ್ಟರು ಕಟ್ಟಿದ ಕೈ ಬಿಚ್ಚಲಾಗದೆ ಹಾಗೇ ನಿಂತರು. ಅಮ್ಮಾವ್ರು ಮಾತ್ರ, ಇಷ್ಟು ದಿನಕ್ಕೆ ಒಂದು ಗಳಿಗೆ ಕಣ್ಣು ಮುಚ್ಚಿದರೆ ಗುಂಪು ಕಟ್ಟಿಕೊಂಡು ಬಂದು ಎಬ್ಬಿಸಿದಿರಲ್ಲ ಎಂದು ಎಲ್ಲರನ್ನೂ ತರಾಟೆಗೆ ತೆಗೆದುಕೊಂಡರು. ಬಂದದ್ದು ಯಾಕೆ ಎಂಬುದು ನಿಧಾನವಾಗಿ ಹೊರಬಿತ್ತು. ಹೊರಬಿದ್ದ ಮೇಲೆ ಎಲ್ಲರ ಬೆರಳೂ ಹಿಂದೆ ನಿಂತಿದ್ದ ಹಾಸಿಗೆಯಣ್ಣನ ಕಡೆ ತಿರುಗಿತು.

"ಏನು ಹೇಳಿದ್ರಿ ಇವರಿಗೆ?" ಎಂದು ಕೇಳಿದರು ಸಾಹೇಬರು.

"ಮಲಗಿದ್ದಾರೆ ಅಂದೆ ಸ್ವಾಮಿ."

"ನಾನೇನು ಮಾಡ್ತಿದ್ದೆ?"

"ಮಲಗಿದ್ರಿ."

ಸಾಹೇಬರು ಡಾಕ್ಟರ ಕಡೆ ತಿರುಗಿ, ಸಾಕ್ಷಿ ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ ಎಂದು ಕೇಳಿದರು. ಡಾಕ್ಟರ ಕಣ್ಣು ನೆಲದ ಮೇಲಿತ್ತು. ಬಿದ್ದ ಏಟಿಗೆ 'ಹಿರಿಯ' ಸೀಳಿ ಎರಡು ಹೋಳಾಗಿ ಬಿದ್ದಿದ್ದ. ಒಳಗೆ ತಿರುಳಿಲ್ಲ, ಹಸಿಯಿಲ್ಲ, ಬೇರಿಲ್ಲ. ಒಣ ಸೋರೆಬುರುಡೆಯ ಹಾಗೆ ಟೊಳ್ಳು. ಇರುವೆಗಳು ಬಂದು ಇದ್ದು ಬೇಜಾರಾಗಿ ಬಿಟ್ಟುಹೋದ ಗೂಡೊಂದು ಮಾತ್ರ ಇತ್ತು. ಅವನು ಯಾವ ಕಾಲದಲ್ಲಿ ಸತ್ತಿದ್ದನೋ.

"ನಿಯಮದ ಪ್ರಕಾರ..." ಎಂದು ಶುರುಮಾಡಿದರು ಡಾಕ್ಟರು. ಸ್ವಲ್ಪ ಹೊತ್ತೇ ಕೂತಿದ್ದರೂ ಕುರ್ಚಿಯ ಕೈಗಳ ರುಚಿ ಹತ್ತಿಬಿಟ್ಟಿತ್ತು.

ನಿಯಮ ಎಂದು ಹೊರಟರೆ ಎಲ್ಲರ ಗಿಡವನ್ನೂ ಕಪಾಟಿನಿಂದಿಳಿಸಿ ತಟ್ಟಿ ನೋಡಬೇಕಾಗುತ್ತದೆ ಎಂದರು ಟೀಚರಮ್ಮ ನೆಲದ ಮೇಲಿಂದಲೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಎಲ್ಲರ ಮುಖವೂ ಕಪ್ಪಿಟ್ಟಿತು.

ಸಾಹೇಬರು ಹೋಳುಗಳನ್ನು ನೋಡುತ್ತಾ ಮಂಚದ ಅಂಚಿನಲ್ಲಿ ಕೂತಿದ್ದರು. ಈ ಗಿಡ ಹೋಗಿದ್ದರೆ ನನ್ನ ಕುರ್ಚಿ ಬಿಡಬೇಕು, ಬಿಟ್ಟರೆ ಅದು ಸಿಗುವುದು ಕಾಯುವ ಸದಸ್ಯರಿಗೆ, ಆದ್ದರಿಂದ ಅವರೇ ನೋಡಿ ಹೇಳಲಿ ಎಂದರು. ದನಿ ಜಡ್ಜಿನದೇ ಆಗಿತ್ತು, ಆದರೆ ಅಡಿಯಲ್ಲಿ ಎಲ್ಲೋ ನೂಲು ಸಡಿಲಾಗಿತ್ತು.

ಹಾಸಿಗೆಯಣ್ಣ ಮುಂದೆ ಬಂದು ಬಗ್ಗಿ ನೋಡಿದ. ನೋಡಲು ಏನಿದೆ? ಕುರುಡನಿಗೂ ಗೊತ್ತಾಗುವಂಥದ್ದು. ಒಂದು ಮಾತು ಆಡಿದರೆ ಮೋಸವಿಲ್ಲದೆ, ನ್ಯಾಯವಾಗಿ, ಕುರ್ಚಿ ಅವನದು. ಆ ಹೊತ್ತಿಗೆ ಅಮ್ಮಾವ್ರು ಪೊರಕೆ ತಂದರು. ಚೆಲ್ಲಿದ ಮಣ್ಣು ಗುಡಿಸುತ್ತಾ ಮಂಚದ ಬಳಿ ಬಂದು ಗಂಡನಿಗೆ, "ಕಾಲೆತ್ತಿ," ಎಂದರು.

ಜಡ್ಜ್ ಸಾಹೇಬರು ಮಾತಾಡದೆ ಎರಡೂ ಕಾಲೆತ್ತಿದರು. ಎತ್ತಿಕೊಂಡೇ ಕೂತಿದ್ದರು, ಇಳಿಸಿ ಎನ್ನುವವರೆಗೆ. ಕೈಯಿರುವ ಕುರ್ಚಿಯ ಮೇಲೆ ಕಂಡ ಮನುಷ್ಯನೇ ಇರಲಿಲ್ಲ ಅಲ್ಲಿ. ಆ ಕೂರುವ ರೀತಿ ಹಾಸಿಗೆಯಣ್ಣನಿಗೆ ಚೆನ್ನಾಗಿ ಗೊತ್ತಿತ್ತು.

"ಮಲಗಿದೆ ಸ್ವಾಮಿ," ಎಂದ.

ಕೋಣೆಯ ತುಂಬ ಉಸಿರು ಹೊರಬಿತ್ತು. ಹೌದು, ಗಾಢವಾಗಿ ಮಲಗಿದೆ ಎಂದರು ಟೀಚರಮ್ಮ ಎದ್ದು ಸೀರೆ ಕೊಡವಿಕೊಳ್ಳುತ್ತಾ. ಹೀಗೆ ಸೀಳಿಕೊಂಡು ಮಲಗುವುದೂ ಉಂಟು, ಅಪರೂಪ ಎಂದರು ಹಲ್ಲಿನ ಡಾಕ್ಟರು. ಎರಡು ಹೋಳುಗಳನ್ನೂ ಹುರಿ ಹಾಕಿ ಕಟ್ಟಿ, ಹೊಸ ಕುಂಡದಲ್ಲಿಟ್ಟು ಕಪಾಟಿಗೆ ಮರಳಿಸಲಾಯಿತು. ಕಟ್ಟಿದವನು ಹಾಸಿಗೆಯಣ್ಣ. ಗಂಟು ಬಿಚ್ಚುವಂಥದ್ದಲ್ಲ.

ಮುಂದಿನ ಭಾನುವಾರ ಅವನು ಹೋದಾಗ ಮೂಲೆಯ ಹಲ್ಲು ಕೀಳುವ ಕುರ್ಚಿಯ ಮೇಲಿನ ದುಪ್ಪಟಿ ತೆಗೆದಿತ್ತು. ಅಧ್ಯಕ್ಷರು ಹೊಸ ನಿಯಮ ಹೊರಡಿಸಿದ್ದರು. ಕೋಣೆಯಲ್ಲಿ ಹದಿಮೂರನೆಯ ಕುರ್ಚಿಗೆ ಜಾಗವಿಲ್ಲವೆಂಬುದು ನಿಜ, ಆದರೆ ಮೊದಲಿನಿಂದ ಇರುವುದನ್ನು ಇಲ್ಲವೆನ್ನಲಾಗದು. ಹಾಸಿಗೆಯಣ್ಣ ಅದರಲ್ಲಿ ಕೂತ. ಕೂತ ಎನ್ನುವುದಕ್ಕಿಂತ ಒರಗಿದ ಎನ್ನಬೇಕು, ನೆಟ್ಟಗೆ ಕೂರಲು ಬರುವ ಕುರ್ಚಿಯೇ ಅದಲ್ಲ. ಮಾತಾಡುವಾಗ ಬಾಯಿ ಅದಾಗಿಯೇ ಅಗಲವಾಗಿ ತೆರೆದುಕೊಳ್ಳುತ್ತಿತ್ತು. ಚರ್ಚೆ ಉದ್ದವಾದರೆ ಜೊಂಪು ಹತ್ತುತ್ತಿತ್ತು. ಆಗ ಪಕ್ಕದವರು ಎದೆ ಏರಿಳಿಯುತ್ತಿದೆಯೇ ಎಂದು ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಸಂಘಕ್ಕೆ ಬುದ್ಧಿ ಬಂದಿತ್ತು, ಅಷ್ಟರಮಟ್ಟಿಗೆ. ಅವನ ಗಿಡವನ್ನು ಕಪಾಟಿನಲ್ಲಿ ಇಡಲಿಲ್ಲ. ಇಟ್ಟರೆ ಹೂ ಬಿಟ್ಟು ಮಿಕ್ಕವರ ಮಾನ ತೆಗೆಯುತ್ತಿತ್ತು. ಮನೆಯಲ್ಲಿ ಮಲಗಿದೆ ಎಂದು ಹೇಳಿದ, ಎಲ್ಲರೂ ಒಪ್ಪಿದರು.

ಚಳಿಗಾಲ ಬಂದಾಗ ಕೆಮ್ಮು ಮತ್ತೆ ಕೆರಳಿತು. ಒಂದು ಭಾನುವಾರ ಹೋಗಲಾಗಲಿಲ್ಲ. ಕತ್ತಲಾಗುವ ಹೊತ್ತಿಗೆ ಬಾಗಿಲು ಬಡಿದ ಸದ್ದು, ಆಮೇಲೆ ಟೀಚರಮ್ಮನ ದನಿ, ಹಿಂದಿನಿಂದ ಸಾಹೇಬರು ಗಂಟಲು ಸರಿಮಾಡಿಕೊಂಡ ಸದ್ದು ಕೇಳಿಸಿತು. ಅಣ್ಣ ಯಾಕೆ ಬಂದಿಲ್ಲ, ಕುರ್ಚಿ ಖಾಲಿಯಿತ್ತಲ್ಲ ಎಂದು ವಿಚಾರಿಸುತ್ತಿದ್ದರು.

"ಮಲಗಿ..." ಎಂದಳು ಹೆಂಡತಿ. ಎದುರಿನವರ ಮುಖ ಬದಲಾದದ್ದು ಕಂಡಿರಬೇಕು, ತಡೆದು ಮತ್ತೆ ಹೇಳಿದಳು. "ನಿದ್ದೆ ಮಾಡ್ತಿದ್ದಾರೆ. ಉಸಿರಾಡ್ತಾನೇ ಇದ್ದಾರೆ. ಬೇಕಾದ್ರೆ ಬಂದು ನೋಡಿ."

ಹಾಸಿಗೆಯಣ್ಣನಿಗೆ ಎಚ್ಚರವಿತ್ತು. ಅವನು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, ಕಣ್ಣು ಮುಚ್ಚಿ, ಅವರು ಒಳಗೆ ಬಂದು ನೋಡಲಿ ಎಂದು ಕಾಯುತ್ತಾ ದೊಡ್ಡದಾಗಿ ಉಸಿರಾಡತೊಡಗಿದ.